ಇಂಗ್ಲಿಷಿನ ತಪ್ಪು ಹೆಕ್ಕುವವರಿಗೆ ಒಂದು ಬಹಿರಂಗ ಪತ್ರ



ಯಾರಾದರೂ ‘ನಕ್ಕು ನಕ್ಕು ಲಿಟರಲಿ ಸತ್ತೇ ಹೋದೆ’ ಎಂದರೆ ನಿಮಗೆ ಮೈ ಉರಿಯುತ್ತದೆ. ಅಂಗಡಿಯ ಫಲಕದಲ್ಲಿ ‘ಫ್ಯೂಯರ್’ ಇರಬೇಕಾದ ಕಡೆ ‘ಲೆಸ್’ ಕಂಡರೆ ತಿದ್ದಲು ಕೈ ತುರಿಸುತ್ತದೆ. ಸಭೆ ‘ಪ್ರಿಪೋನ್’ ಆಗಿದೆ ಎಂದು ಕಚೇರಿಯಿಂದ ಸಂದೇಶ ಬಂದರೆ ಸಭೆ ಯಾವಾಗ ಎಂಬುದು ಮರೆತುಹೋಗಿ ಆ ಪದವೊಂದೇ ಕಣ್ಣಿಗೆ ಚುಚ್ಚುತ್ತದೆ. ನೀವು ಲಂಡನ್ನಿನಲ್ಲೂ ಇದ್ದೀರಿ, ನ್ಯೂಯಾರ್ಕಿನಲ್ಲೂ ಇದ್ದೀರಿ, ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಂತೂ ಧಾರಾಳವಾಗಿ ಇದ್ದೀರಿ. ಪದಗಳ ಬಗ್ಗೆ ನಿಮಗಿರುವ ಆಸ್ಥೆಯನ್ನು ನಾನು ಅನುಮಾನಿಸುವುದಿಲ್ಲ. ಹೇಗೆ ಮಾತಾಡಿದರೂ ನಡೆಯುತ್ತದೆ ಎನ್ನುವವರಿಗಿಂತ ನಿಮ್ಮ ಸಹವಾಸವೇ ನನಗೆ ಹೆಚ್ಚು ಹಿತ. ನನ್ನ ತಕರಾರು ಇರುವುದು ನಿಮ್ಮ ಪಟ್ಟಿಯ ಬಗ್ಗೆ. ಕೇಳುವವರನ್ನು, ಓದುವವರನ್ನು ದಾರಿ ತಪ್ಪಿಸಿದಾಗ ಮಾತ್ರ ಒಂದು ಪದ ದುರ್ಬಳಕೆಯಾಯಿತು ಎನ್ನಬೇಕು ಎಂಬುದು ನನ್ನ ವಾದ. ಈ ಒರೆಗೆ ಹಚ್ಚಿದರೆ ನೀವು ಕಟಕಟೆಯಲ್ಲಿ ನಿಲ್ಲಿಸಿದ ಪದಗಳಲ್ಲಿ ಬಹುಪಾಲು ನಿರಪರಾಧಿಗಳು. ನಿಜವಾಗಿ ಹಾನಿ ಮಾಡಿದ, ಮಾಡುತ್ತಿರುವ ಪದಗಳಲ್ಲಿ ಹೆಚ್ಚಿನವು ನಿಮ್ಮ ಪಟ್ಟಿಯಲ್ಲೇ ಇಲ್ಲ.

‘ಲೆಸ್’ ಮತ್ತು ‘ಫ್ಯೂಯರ್’ ಜಗಳವನ್ನೇ ಮೊದಲು ನೋಡೋಣ. ಎಣಿಸಲು ಬರುವುದಕ್ಕೆ ‘ಫ್ಯೂಯರ್’, ಅಳೆಯುವುದಕ್ಕೆ ‘ಲೆಸ್’ ಎಂಬ ನಿಯಮ ಇಂಗ್ಲಿಷಿನ ಹುಟ್ಟಿನಿಂದಲೇ ಬಂದದ್ದೆಂದು ಹಲವರು ನಂಬಿದ್ದಾರೆ. ಆದರೆ ಒಂಬತ್ತನೇ ಶತಮಾನದ ಆಲ್‌ಫ್ರೆಡ್ ದೊರೆಯ ಬರಹದಲ್ಲೇ ಎಣಿಸುವ ವಸ್ತುಗಳ ಜೊತೆ ‘ಲೆಸ್’ ಬಂದಿದೆ. ಸುಮಾರು ಒಂಬೈನೂರು ವರ್ಷ ಯಾರೂ ಅದಕ್ಕೆ ಆಕ್ಷೇಪಿಸಿದ ಹಾಗೆ ಕಾಣುವುದಿಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಇಂಗ್ಲಿಷ್ ಬಳಕೆಯ ಬಗ್ಗೆ ಒಂದು ಪುಸ್ತಕ ಬರೆದು, ‘ನೂರಕ್ಕಿಂತ ಕಡಿಮೆಯಿಲ್ಲ’ ಎನ್ನುವಾಗ ‘ಫ್ಯೂಯರ್’ ಬಳಸುವುದೇ ತನಗೆ ಹೆಚ್ಚು ಸೊಗಸಾಗಿಯೂ ಸರಿಯಾಗಿಯೂ ತೋರುತ್ತದೆ ಎಂದ. ತನಗೆ ಹಾಗೆ ತೋರುತ್ತದೆ ಎಂದನೇ ಹೊರತು ಅದು ನಿಯಮ ಎಂದು ಆತ ಹೇಳಲಿಲ್ಲ. ಮುಂದಿನ ವ್ಯಾಕರಣಕಾರರು ಆ ಅಭಿರುಚಿಯನ್ನು ಕಾನೂನು ಮಾಡಿದರು. 2008ರಲ್ಲಿ ಬ್ರಿಟನ್ನಿನ ಟೆಸ್ಕೊ ಅಂಗಡಿಗಳು ‘ಹತ್ತು ಅಥವಾ ಅದಕ್ಕಿಂತ ಲೆಸ್’ ಎಂಬ ಫಲಕ ತೆಗೆದು, ‘ಹತ್ತರವರೆಗೆ’ ಎಂಬ ಅರ್ಥದ ಫಲಕ ಹಾಕಲು ತೀರ್ಮಾನಿಸಿದವು. ನಿಮ್ಮ ಬಳಗಕ್ಕೆ ಅದೊಂದು ವಿಜಯ. ಆದರೆ ಹಳೆಯ ಫಲಕ ಓದಿ ಹನ್ನೊಂದನೆಯ ಸಾಮಾನು ಹಿಡಿದು ಆ ಸಾಲಿನಲ್ಲಿ ನಿಂತವರು ಯಾರಾದರೂ ಇದ್ದರೆ ಅದು ವ್ಯಾಕರಣ ತಿಳಿಯದೆ ಅಂತೂ ಅಲ್ಲ.

‘ಲಿಟರಲಿ’ಯದು ಇನ್ನೂ ತಮಾಷೆಯ ಕತೆ. ಆಕ್ಸ್‌ಫರ್ಡ್ ನಿಘಂಟು ಈ ಪದದ ಉತ್ಪ್ರೇಕ್ಷೆಯ ಅರ್ಥವನ್ನು ಸೇರಿಸಿಕೊಂಡಿದೆ ಎಂದು 2013ರಲ್ಲಿ ಪತ್ರಿಕೆಗಳು ಕಂಡುಹಿಡಿದಾಗ ಭಾಷೆಯೇ ಸತ್ತುಹೋಯಿತೆಂದು ದೊಡ್ಡ ಗೋಳಾಟ ನಡೆಯಿತು. ನಿಘಂಟಿನವರು ಅದನ್ನು ಸೇರಿಸಿದ್ದು 2011ರಲ್ಲೇ, ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಬಳಕೆಯಾದರೋ ಹದಿನೆಂಟನೇ ಶತಮಾನದಷ್ಟು ಹಳೆಯದು. ಡಿಕನ್ಸ್, ಷಾರ್ಲೆಟ್ ಬ್ರಾಂಟೆ, ಮಾರ್ಕ್ ಟ್ವೈನ್ ಎಲ್ಲರ ಕಾದಂಬರಿಗಳಲ್ಲೂ ಸಿಗುತ್ತದೆ. ‘ಲಿಟರಲಿ ಸತ್ತೆ’ ಎಂದವರ ಮನೆಗೆ ಯಾರೂ ಸಂತಾಪ ಹೇಳಲು ಹೋಗಿಲ್ಲ. ಉತ್ಪ್ರೇಕ್ಷೆ ಯಾವುದು, ವರದಿ ಯಾವುದು ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ‘ನಿಜವಾಗ್ಲೂ ಸತ್ತೋದೆ ಕಣೋ’ ಎಂದು ದಿನವೂ ಹೇಳುವ ನಮಗೆ ಇಂಗ್ಲಿಷಿಗೆ ದಾಟಿದ ಕೂಡಲೇ ಆ ವಿವೇಕ ಯಾಕೆ ಕೈಕೊಡಬೇಕು? ‘ಡೆಸಿಮೇಟ್’ ಎಂದರೆ ಹತ್ತರಲ್ಲಿ ಒಬ್ಬನನ್ನು ಕೊಲ್ಲುವುದು, ಅದು ರೋಮನ್ ಸೈನ್ಯದ ಶಿಕ್ಷೆ, ಹಾಗಾಗಿ ಸರ್ವನಾಶಕ್ಕೆ ಅದನ್ನು ಬಳಸಬಾರದು ಎನ್ನುವ ವಾದವೂ ಹೀಗೆಯೇ. ಅದೇ ಲ್ಯಾಟಿನ್ ‘ಹತ್ತು’ ಡಿಸೆಂಬರ್‌ನಲ್ಲೂ ಇದೆ. ಹನ್ನೆರಡನೇ ತಿಂಗಳನ್ನು ಹಾಗೆ ಕರೆಯಲು ನೀವು ಯಾರೂ ಹಿಂಜರಿಯುವುದಿಲ್ಲ. ‘ನೈಸ್’ ಪದದ ಲ್ಯಾಟಿನ್ ಮೂಲಕ್ಕೆ ‘ಏನೂ ಅರಿಯದ’ ಎಂಬ ಅರ್ಥ, ‘ಸಿಲ್ಲಿ’ಗೆ ಒಂದು ಕಾಲದಲ್ಲಿ ‘ಧನ್ಯ’ ಎಂಬ ಅರ್ಥವಿತ್ತು. ಪದದ ಹುಟ್ಟೂರು ಕೇಳಿ ಅದರ ಇಂದಿನ ವಿಳಾಸ ನಿರ್ಧರಿಸಲು ಹೊರಟರೆ ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ನೆಮ್ಮದಿಯಾಗಿ ಆಡಲಾಗದು.

ನಿಮ್ಮ ಪೂರ್ವಿಕರ ಪಟ್ಟಿಗಳನ್ನೂ ಒಮ್ಮೆ ತೆರೆದು ನೋಡಬೇಕು. 1660ರಲ್ಲಿ ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ ಒಬ್ಬ ವ್ಯಕ್ತಿಯನ್ನು ‘ಯೂ’ ಎಂದು ಕರೆಯುವುದು ತಪ್ಪೆಂದು ಸಾಧಿಸಲು ಜೊತೆಗಾರರೊಂದಿಗೆ ಒಂದು ಪುಸ್ತಕವನ್ನೇ ತಂದ. ‘ಯೂ’ ಬಹುವಚನ, ಒಬ್ಬನಿಗೆ ‘ದೌ’ ಎನ್ನಬೇಕು ಎಂಬುದು ಆತನ ಪಟ್ಟು. ವ್ಯಾಕರಣದ ಲೆಕ್ಕದಲ್ಲಿ ಆತ ಹೇಳಿದ್ದು ಪೂರ್ತಿ ಸರಿಯಾಗಿತ್ತು. ಬಹುವಚನದ ‘ನೀವು’ ಒಬ್ಬರ ಮುಂದೆ ಮರ್ಯಾದೆಯಾಗಿ ಮಾರ್ಪಡುವುದು ಕನ್ನಡಿಗರಿಗಂತೂ ವಿವರಿಸಬೇಕಾದ ಸಂಗತಿಯಲ್ಲ. ಪುಂಡರ ಗುಂಪು ಎಂಬರ್ಥದ ‘ಮಾಬ್’ ಲ್ಯಾಟಿನ್ ನುಡಿಗಟ್ಟೊಂದನ್ನು ಕತ್ತರಿಸಿ ಮಾಡಿದ ಕುರೂಪ ಎಂದು ಲೇಖಕ ಜೊನಾಥನ್ ಸ್ವಿಫ್ಟ್ 1710ರಲ್ಲಿ ಸಿಡಿಮಿಡಿಗೊಂಡ. ಇಂದು ನಮ್ಮ ನ್ಯಾಯಾಲಯಗಳ ತೀರ್ಪುಗಳಲ್ಲೂ ಆ ಪದ ಸಲೀಸಾಗಿ ಓಡಾಡುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1789ರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಪದಗಳನ್ನು ಕ್ರಿಯಾಪದಗಳಾಗಿ ಬಳಸುವುದನ್ನು ತಡೆಯಿರಿ ಎಂದ. 1832ರಲ್ಲಿ ಕವಿ ಕೋಲ್‌ರಿಜ್‌ಗೆ ‘ಟ್ಯಾಲೆಂಟೆಡ್’ ಅನಾಗರಿಕವಾಗಿ ಕಂಡಿತು. ಇವರೆಲ್ಲ ದಡ್ಡರಲ್ಲ, ಇಂಗ್ಲಿಷ್ ಗದ್ಯದ ಸೊಗಸು ಇವರಿಂದಲೂ ಬೆಳೆದಿದೆ. ಆದರೂ ಅವರು ತಮ್ಮ ಕಿವಿಗೆ ಹೊಸದಾಗಿ ಬಿದ್ದದ್ದನ್ನು ತಪ್ಪು ಎಂದುಕೊಂಡರು. ಅವರು ಅಪಾಯ ಕಂಡ ಕಡೆ ಅಪಾಯವಾಗಿರಲಿಲ್ಲ ಎಂಬುದಕ್ಕೆ ನಿಮ್ಮ ಇವತ್ತಿನ ಮಾತೇ ಸಾಕ್ಷಿ, ಯಾಕೆಂದರೆ ಆ ಪದಗಳನ್ನೆಲ್ಲ ನೀವು ಅಳುಕಿಲ್ಲದೆ ಬಳಸುತ್ತೀರಿ.

ಇಲ್ಲಿ ನಿಮ್ಮ ಅತ್ಯಂತ ಗಟ್ಟಿಯಾದ ಆಕ್ಷೇಪ ಬರುತ್ತದೆ. ಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಅಳಿಸಿಹೋದರೆ ಯೋಚನೆಯೂ ಮೊಂಡಾಗುವುದಿಲ್ಲವೇ? ‘ಡಿಸಿಂಟರೆಸ್ಟೆಡ್’ ಎಂದರೆ ಪಕ್ಷಪಾತವಿಲ್ಲದವನು, ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವನು. ಮೊದಲಿನವನು ನ್ಯಾಯಾಧೀಶನಾಗಬಹುದು, ಎರಡನೆಯವನು ಆಗಬಾರದು. ಈ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ, ಆದರೆ ಅರ್ಧಕ್ಕೆ ಮಾತ್ರ. ಹದಿನೇಳನೇ ಶತಮಾನದಲ್ಲಿ ಈ ಎರಡು ಪದಗಳ ಅರ್ಥ ಇಂದಿನದಕ್ಕೆ ಹೆಚ್ಚುಕಡಿಮೆ ತಿರುವುಮುರುವಾಗಿತ್ತು. ಕಾಲಕ್ರಮದಲ್ಲಿ ಅವು ಜಾಗ ಬದಲಾಯಿಸಿಕೊಂಡವು. ಆ ಗೊಂದಲದ ನಡುವೆಯೂ ನಿಷ್ಪಕ್ಷಪಾತ ಎಂಬ ಕಲ್ಪನೆ ಇಂಗ್ಲಿಷಿನಿಂದ ಮಾಯವಾಗಲಿಲ್ಲ. ‘ಇಂಪಾರ್ಷಿಯಲ್’ ಇತ್ತು, ‘ಅನ್‌ಬಯಸ್ಡ್’ ಇತ್ತು. ಬೇಕಾದ ವ್ಯತ್ಯಾಸವನ್ನು ಜನ ಹೇಗಾದರೂ ಹೇಳಿಯೇ ತೀರುತ್ತಾರೆ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ. ಹಾಗೆಂದು ಆ ಜೋಡಿಯನ್ನು ಕಾಪಾಡಿಕೊಳ್ಳುವುದು ವ್ಯರ್ಥ ಎನ್ನಲಾರೆ. ಬರೆಯುವಾಗ ನಾನು ಅದನ್ನು ಪಾಲಿಸುವವನೇ.

ವ್ಯತ್ಯಾಸ ಉಳಿಸುವುದೇ ಗುರಿಯಾದರೆ, ನೀವು ಹೆಚ್ಚು ಹಳಿಯುವ ಭಾರತೀಯ ಇಂಗ್ಲಿಷಿನ ಪದಗಳಿಗೆ ಬಹುಮಾನ ಕೊಡಬೇಕಾಗುತ್ತದೆ. ‘ಕಸಿನ್ ಬ್ರದರ್’ ಕೇಳಿ ನಗುತ್ತೀರಿ. ಬರೀ ‘ಕಸಿನ್’ ಎಂದರೆ ಗಂಡೋ ಹೆಣ್ಣೋ ತಿಳಿಯದು. ದೊಡ್ಡಪ್ಪನ ಮಗ ಅಣ್ಣನಾಗುವ, ಸೋದರಮಾವನ ಮಗ ಭಾವನಾಗುವ ನಾಡಿನವರು ಆ ಬೋಳು ಪದಕ್ಕೆ ಒಂದಿಷ್ಟಾದರೂ ಮಾಹಿತಿ ಅಂಟಿಸಿದ್ದರಲ್ಲಿ ಆಶ್ಚರ್ಯವೇನಿದೆ? ‘ಪ್ರಿಪೋನ್’ ಇನ್ನೂ ಒಳ್ಳೆಯ ಉದಾಹರಣೆ. ಅದರ ಬದಲು ನೀವು ಸೂಚಿಸುವ ‘ಶುದ್ಧ’ ಇಂಗ್ಲಿಷ್ ಎಂದರೆ ಸಭೆಯನ್ನು ‘ಫಾರ್ವರ್ಡ್’ ಮಾಡುವುದು. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ ಎಂದರೆ ಅದು ಯಾವ ದಿನ ಎಂದು ಅಮೆರಿಕದ ಮನಃಶಾಸ್ತ್ರಜ್ಞರು ಇಂಗ್ಲಿಷ್ ಮಾತೃಭಾಷೆಯವರನ್ನೇ ಕೇಳಿದ್ದಾರೆ. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಕಾಲ ನಮ್ಮತ್ತ ಬರುತ್ತಿದೆ ಎಂದುಕೊಳ್ಳುವವರಿಗೆ ಒಂದು ಉತ್ತರ, ನಾವು ಕಾಲದೊಳಗೆ ನಡೆಯುತ್ತಿದ್ದೇವೆ ಎಂದುಕೊಳ್ಳುವವರಿಗೆ ಇನ್ನೊಂದು. ‘ಪ್ರಿಪೋನ್’ ಎಂದರೆ ಹುಬ್ಬಳ್ಳಿಯ ಗುಮಾಸ್ತನೂ ಮೈಸೂರಿನ ವ್ಯವಸ್ಥಾಪಕಿಯೂ ಸೋಮವಾರವೇ ಬರುತ್ತಾರೆ. ‘ಪೋಸ್ಟ್‌ಪೋನ್’ಗೆ ಸರಿಜೋಡಿಯಾಗಿ ನಿಂತ ಈ ಪದ, ಸಂದಿಗ್ಧವಾದ ಕಡೆ ಸ್ಪಷ್ಟತೆ ತಂದಿದೆ. ಅದನ್ನು ತಪ್ಪು ಎನ್ನಲು ಲಂಡನ್ನಿನಲ್ಲಿ ಬಳಸುವುದಿಲ್ಲ ಎಂಬ ಕಾರಣವೊಂದೇ ಉಳಿಯುತ್ತದೆ.

ಎಲ್ಲ ಭಾರತೀಯ ಪದಗಳಿಗೂ ನಾನು ಹೀಗೆ ವಕಾಲತ್ತು ವಹಿಸುವುದಿಲ್ಲ. ‘ಉತ್ತರಿಸಿ’ ಎನ್ನಲು ನಮ್ಮ ಕಚೇರಿಗಳಲ್ಲಿ ಓಡಾಡುವ ‘ರಿವರ್ಟ್’ ನನ್ನ ಪರೀಕ್ಷೆಯಲ್ಲಿ ಬೀಳುತ್ತದೆ. ಇಂಗ್ಲಿಷಿನ ಉಳಿದ ಲೋಕದಲ್ಲಿ ಬಹುತೇಕ ಕಡೆ ಆ ಪದಕ್ಕೆ ‘ಹಿಂದಿನ ಸ್ಥಿತಿಗೆ ಮರಳು’ ಎಂದು ಅರ್ಥ. ಸಾಫ್ಟ್‌ವೇರ್ ಕೆಲಸದಲ್ಲಂತೂ ಮಾಡಿದ ಬದಲಾವಣೆಯನ್ನು ರದ್ದುಮಾಡುವುದಕ್ಕೆ ಅದು ನಿಗದಿಯಾದ ಪದ. ಬೆಂಗಳೂರಿನ ತಂಡವೊಂದು ಹೊರದೇಶದ ಸಹೋದ್ಯೋಗಿಗೆ ಕೋಡ್ ಕಳಿಸಿ, ಕೊನೆಗೆ ‘ಪ್ಲೀಸ್ ರಿವರ್ಟ್’ ಎಂದು ಬರೆದರೆ, ಉತ್ತರ ಬರೆಯಬೇಕೋ ಮಾಡಿದ ಕೆಲಸ ಅಳಿಸಬೇಕೋ? ಇಲ್ಲಿ ಗೊಂದಲ ನಿಜವಾದದ್ದು, ಹಾಗಾಗಿ ನಿಮ್ಮ ಸಿಟ್ಟೂ ನ್ಯಾಯವಾದದ್ದು.

ಹಾಗಾದರೆ ಯಾರ ಅರ್ಥಕ್ಕೂ ಧಕ್ಕೆಯಾಗದ ಕಡೆ ಇಷ್ಟೊಂದು ತಿದ್ದುವ ಹುರುಪು ಎಲ್ಲಿಂದ ಬರುತ್ತದೆ? 1954ರಲ್ಲಿ ಅಲನ್ ರಾಸ್ ಎಂಬ ಭಾಷಾಶಾಸ್ತ್ರಜ್ಞ ಬ್ರಿಟನ್ನಿನ ಮೇಲ್ವರ್ಗದವರ ಪದಗಳನ್ನು ಉಳಿದವರ ಪದಗಳಿಂದ ಬೇರ್ಪಡಿಸಿ ತೋರಿಸಿದ. ಮೇಲಿನವರು ‘ನ್ಯಾಪ್ಕಿನ್’ ಎಂದರೆ, ಮೇಲೇರಲು ಹವಣಿಸುವವರು ‘ಸರ್ವಿಯೆಟ್’ ಎನ್ನುತ್ತಿದ್ದರು. ಒರೆಸುವ ಬಟ್ಟೆ ಒಂದೇ. ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಆ ಲೇಖನವನ್ನು ಜನಪ್ರಿಯಗೊಳಿಸಿದ ಮೇಲೆ ಇಡೀ ದೇಶ ತನ್ನ ಪದಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಿತು. ಪದದ ಆಯ್ಕೆ ಅರ್ಥಕ್ಕಿಂತ ಹೆಚ್ಚಾಗಿ ಅಂತಸ್ತನ್ನು ಸಾರುತ್ತದೆ ಎಂಬುದು ಅಲ್ಲಿ ನಗೆಯ ಸಂಗತಿಯಾಗಿದ್ದರೆ, ನಮ್ಮಲ್ಲಿ ಅದು ಅಷ್ಟು ಹಗುರಾಗಿಲ್ಲ. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕ ಉರುಹೊಡೆಯಲು ಅವಕಾಶ ಸಿಕ್ಕವರು, ಸಿಗದವರನ್ನು ಒಂದೇ ಒಂದು ‘ಡಿಸ್ಕಸ್ ಅಬೌಟ್’ ತಪ್ಪು ಹಿಡಿದು ಪಕ್ಕಕ್ಕೆ ಸರಿಸಬಲ್ಲರು. ಸಂದರ್ಶನದ ಕೊಠಡಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ವಿಷಯ ಸರಿಯಾಗಿ ಹೇಳಿಯೂ ಪದಕ್ಕಾಗಿ ತಲೆತಗ್ಗಿಸಬೇಕಾಗುವುದು ಈ ಕಾರಣಕ್ಕೆ. ಅಂಥ ಭಯ ಇನ್ನಷ್ಟು ತಪ್ಪನ್ನೇ ಹುಟ್ಟಿಸುತ್ತದೆ. ‘ಯೂ ಅಂಡ್ ಮೀ’ ಎಂದಾಗೆಲ್ಲ ಬೈಸಿಕೊಂಡವರು ‘ಮೀ’ ಪದಕ್ಕೇ ಹೆದರಿ, ಅದು ಸರಿಯಾಗಿರುವ ಕಡೆಯೂ ‘ಬಿಟ್ವೀನ್ ಯೂ ಅಂಡ್ ಐ’ ಎನ್ನುತ್ತಾರೆ. ಆಮೇಲೆ ಅದೂ ನಿಮ್ಮ ಪಟ್ಟಿಗೆ ಸೇರುತ್ತದೆ.

ಇನ್ನು ನಿಜವಾಗಿ ದಾರಿ ತಪ್ಪಿಸುವ ಪದಗಳಿಗೆ ಬರುತ್ತೇನೆ. ನಮ್ಮ ಹೆದ್ದಾರಿಗಳ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಇಂದಿಗೂ ಬರೆದಿರುತ್ತದೆ. ಲ್ಯಾಟಿನ್ ಲೆಕ್ಕಕ್ಕೆ ಅದೇ ಸರಿ; ಅಲ್ಲಿನ ‘ಇನ್’ ನಿಷೇಧವನ್ನು ಹೇಳುವುದಿಲ್ಲ. ಆದರೆ ‘ಇನ್‌ಕರೆಕ್ಟ್’, ‘ಇನ್‌ವಿಸಿಬಲ್’ಗಳಲ್ಲಿ ಅದನ್ನು ‘ಅಲ್ಲ’, ‘ಇಲ್ಲ’ ಎಂದು ಓದಿ ರೂಢಿಯಾದವರು ಇದನ್ನು ‘ಬೆಂಕಿ ಹತ್ತದ’ ಎಂದುಕೊಂಡರೆ? ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ 1920ರ ದಶಕದಲ್ಲೇ ಈ ಅಪಾಯ ಗುರುತಿಸಿ, ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಪಂಡಿತರ ದೃಷ್ಟಿಯಲ್ಲಿ ಹಿರಿಯ ಪದ ಕೆಳಗಿಳಿಯಿತು, ಜನರಿಗೆ ತಪ್ಪದೆ ತಿಳಿಯುವ ಪದ ಮೇಲೆ ಬಂತು. ಓದುಗ ಲ್ಯಾಟಿನ್ ಕಲಿಯಲಿ ಎಂದು ಆ ಸಂಘದವರು ಕಾಯುತ್ತಾ ಕೂರಲಿಲ್ಲ.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ದೈತ್ಯ ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು, ಅವಸರ, ಒಂದರ ಮೇಲೊಂದು ಬಿದ್ದು ಕೇಳಿಸದೆ ಹೋದ ರೇಡಿಯೊ ಸಂದೇಶಗಳು, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಡಚ್ ವಿಮಾನದ ಸಹಚಾಲಕ ತಾವು ಈಗ ‘ಟೇಕ್-ಆಫ್’ನಲ್ಲಿ ಇದ್ದೇವೆ ಎಂಬರ್ಥದಲ್ಲಿ ಹೇಳಿದ ಮಾತು. ವಿಮಾನ ಓಡಲಾರಂಭಿಸಿತ್ತು, ಆದರೆ ಅದು ಹೊರಡುವ ಜಾಗದಲ್ಲಿ ಕಾಯುತ್ತ ನಿಂತಿದೆ ಎಂದು ನಿಯಂತ್ರಕ ಅರ್ಥಮಾಡಿಕೊಂಡ. ಆ ದುರಂತದ ನಂತರ ‘ಟೇಕ್-ಆಫ್’ ಪದವನ್ನು ಹೊರಡಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ರದ್ದುಮಾಡುವಾಗ ಮಾತ್ರ ಬಳಸಬೇಕು, ಉಳಿದೆಲ್ಲ ಕಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ಶಿಸ್ತು ಬಂತು. 1990ರ ಜನವರಿ 25ರಂದು ನ್ಯೂಯಾರ್ಕಿನ ಬಳಿ ಅವಿಯಾಂಕಾ ವಿಮಾನ ಇಂಧನ ತೀರಿ ಬಿದ್ದು 73 ಜನ ಸತ್ತರು. ಇಂಧನ ಮುಗಿಯುತ್ತಿದೆ, ಆದ್ಯತೆ ಕೊಡಿ ಎಂದು ಚಾಲಕರು ಹೇಳಿದ್ದರು, ಆದರೆ ನಿಯಂತ್ರಕರೊಂದಿಗೆ ‘ಎಮರ್ಜೆನ್ಸಿ’ ಎಂಬ ಪದವನ್ನು ಬಳಸಿರಲಿಲ್ಲ. ಆ ಮಾತುಗಳಲ್ಲಿ ವ್ಯಾಕರಣದೋಷ ಹುಡುಕಿದರೆ ದೊಡ್ಡದೇನೂ ಸಿಗದು. ಪದಗಳ ಮೇಲೆ ಕಟ್ಟುನಿಟ್ಟು ಬೇಡವೇ ಬೇಡ ಎನ್ನುವವರಿಗೂ ಇದೇ ನನ್ನ ಉತ್ತರ. ಕಟ್ಟುನಿಟ್ಟು ಬೇಕು, ಎಲ್ಲಿ ಬೇಕು ಎಂಬುದನ್ನು ಕೇಳುವವನ ಕಿವಿ ನೋಡಿ ತೀರ್ಮಾನಿಸಬೇಕು.

ಇವೆಲ್ಲ ಗೊತ್ತಿಲ್ಲದೆ ಆದ ಎಡವಟ್ಟುಗಳು. ಗೊತ್ತಿದ್ದೇ ಮಾಡುವ ದುರ್ಬಳಕೆ ಬೇರೆಯೇ ಇದೆ, ಮತ್ತು ಅದರಲ್ಲಿ ಒಂದೂ ಕಾಗುಣಿತ ತಪ್ಪಿರುವುದಿಲ್ಲ. ಜಾರ್ಜ್ ಆರ್ವೆಲ್ 1946ರ ತನ್ನ ಪ್ರಬಂಧದಲ್ಲಿ ಗುರಿಯಿಟ್ಟದ್ದು ಇದಕ್ಕೇ, ಹಳ್ಳಿಗಳ ಮೇಲೆ ಬಾಂಬು ಹಾಕುವುದಕ್ಕೆ ‘ಶಾಂತಿ ಸ್ಥಾಪನೆ’ ಎಂಬರ್ಥದ ಹೆಸರಿಡುವ ಇಂಗ್ಲಿಷಿಗೆ. ಅಷ್ಟು ದೂರ ಹೋಗುವುದೂ ಬೇಡ. ದಿನಕ್ಕೆ ಇಷ್ಟೇ ಎಂಬ ಮಿತಿಯಿರುವ ಮೊಬೈಲ್ ಡೇಟಾಗೆ ‘ಅನ್‌ಲಿಮಿಟೆಡ್’ ಎಂದು ಹೆಸರು. ಕೊಳ್ಳುವವರ ಜೇಬಿನಿಂದ ಹೋಗುವ ಹೆಚ್ಚುವರಿ ಶುಲ್ಕಕ್ಕೆ ‘ಕನ್ವೀನಿಯೆನ್ಸ್ ಫೀ’. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾಹೀರಾತು ಮತ್ತು ಲೇಬಲ್‌ಗಳ ಬಗ್ಗೆ ನಿಯಮ ತಂದಾಗ ‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’, ‘ಟ್ರೆಡಿಷನಲ್’ ಮುಂತಾದ ಸರಳ ಪದಗಳನ್ನು ಯಾವಾಗ ಬಳಸಬಹುದು ಎಂದು ಒಂದೊಂದಾಗಿ ವಿವರಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ, ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ, ಆ ಹೆಸರಿನಡಿ ಪಾನೀಯಗಳನ್ನು ಮಾರಬೇಡಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚನೆ ಹೋಯಿತು. ಅದೇ ವರ್ಷ ಜೂನ್‌ನಲ್ಲಿ, ಸಾರಕ್ಕೆ ನೀರು ಬೆರೆಸಿ ಮತ್ತೆ ತಯಾರಿಸಿದ ರಸದ ಡಬ್ಬಿಗಳಿಂದ ‘100 ಪರ್ಸೆಂಟ್ ಫ್ರೂಟ್ ಜ್ಯೂಸ್’ ಎಂಬ ಮಾತು ತೆಗೆಯಿರಿ ಎಂದು ಪ್ರಾಧಿಕಾರ ಆದೇಶಿಸಿತು. ವರ್ಷಗಟ್ಟಲೆ ಆ ಡಬ್ಬಿಗಳು ನಮ್ಮ ನಿಮ್ಮ ಮನೆಯ ಫ್ರಿಜ್‌ನಲ್ಲೇ ಇದ್ದವು. ನಿಮ್ಮಲ್ಲಿ ಎಷ್ಟು ಮಂದಿ ಆ ‘ನೂರು’ ಎಂಬ ಅಂಕಿಯ ಮುಂದೆ, ‘ಲೆಸ್’ ಎಂಬ ಪದದ ಮುಂದೆ ನಿಂತಷ್ಟು ಹೊತ್ತು ನಿಂತಿದ್ದೀರಿ?

ಇದು ಭಾಷೆಯ ಪ್ರಶ್ನೆಯಲ್ಲ, ವ್ಯಾಪಾರದ ಪ್ರಶ್ನೆ ಎಂದು ನೀವು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ‘ಅನ್‌ಲಿಮಿಟೆಡ್’ ಎಂದರೆ ಮಿತಿಯುಳ್ಳದ್ದು ಎಂದಾದರೆ ಆ ಪದ ಪೂರ್ತಿ ಕೆಟ್ಟಿತು. ‘ಲಿಟರಲಿ’ಯ ಬಗ್ಗೆ ನೀವು ಹೊರಿಸುವ ಆರೋಪವೂ ಅದೇ ತಾನೇ, ತನ್ನ ವಿರುದ್ಧಾರ್ಥವನ್ನೇ ಹೇಳುತ್ತಿದೆ ಎಂದು. ವ್ಯತ್ಯಾಸವಿಷ್ಟೆ: ‘ಲಿಟರಲಿ ಸತ್ತೆ’ ಎಂದವಳು ಯಾರಿಂದಲೂ ಏನನ್ನೂ ಕಿತ್ತುಕೊಳ್ಳುತ್ತಿಲ್ಲ.

ಮಕ್ಕಳಿಗೆ ಏನು ಹೇಳಿಕೊಡೋಣ ಎಂಬ ಪ್ರಶ್ನೆ ಉಳಿಯಿತು. ಪರೀಕ್ಷೆಯಲ್ಲಿ, ಕೆಲಸದ ಅರ್ಜಿಯಲ್ಲಿ ‘ಫ್ಯೂಯರ್’ ಎಂದೇ ಬರೆಯಲಿ, ಯಾಕೆಂದರೆ ಓದುವವರು ನೀವಾಗಿರಬಹುದು. ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋಗುವಂಥ ಮಾತು ಅದು. ಕಾರಣವನ್ನೂ ಹಾಗೆಯೇ ಬಿಚ್ಚಿ ಹೇಳಿದರೆ ಸಾಕು, ಆ ಪದ ಗೊತ್ತಿಲ್ಲದವರು ಯೋಚಿಸಲಾರದವರು ಎಂದು ಹೇಳಿಕೊಡುವುದು ಬೇಡ. ನಿಮಗೆ ಉಳಿದ ಸಮಯಕ್ಕೆ ನನ್ನದೊಂದು ಕೋರಿಕೆಯಿದೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯೂ ಸಾರ್ವಜನಿಕರಿಂದ ದೂರು ಸ್ವೀಕರಿಸುತ್ತವೆ. ಅಂಥ ದೂರು ಗೆಲ್ಲಬೇಕಾದರೆ ಲೇಬಲ್‌ನ ಮುಂದಿನ ದಪ್ಪಕ್ಷರದ ಪದಕ್ಕೂ ಹಿಂದಿನ ಸಣ್ಣಕ್ಷರದ ವಿವರಕ್ಕೂ ಹೊಂದುವುದಿಲ್ಲ ಎಂದು ಪದಪದ ಬಿಡಿಸಿ ತೋರಿಸಬೇಕು. ಆ ಕೆಲಸಕ್ಕೆ ಬೇಕಾದ ಕಣ್ಣು, ತಾಳ್ಮೆ, ಹಟ ಈ ನಾಡಿನಲ್ಲಿ ನಿಮ್ಮಷ್ಟು ಬೇರೆ ಯಾರಿಗೂ ಇಲ್ಲ.

ಇಂತಿ,
ನಿಮ್ಮಂತೆಯೇ ನಿಘಂಟು ತೆರೆಯುವ ಚಟವಿರುವ ಒಬ್ಬ ಓದುಗ